ಅಪ್ಪನ ಕಾರು, ನನ್ನ ಕಾರು: ಯಾವುದನ್ನು ಉಳಿಸಿಕೊಂಡೆ?

ನಮ್ಮ ಮನೆಯಲ್ಲಿ ಎರಡು ಹಳೇ ಕಾರುಗಳಿದ್ದವು. ಒಂದು ಅಪ್ಪನದು, 1970ರ ದಶಕದ್ದು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಲು ಕಾರ್ಬುರೇಟರ್ ಇರುವಂಥದ್ದು. ಇನ್ನೊಂದು ನನ್ನದು, 2002ರದ್ದು. ಎರಡನ್ನೂ ನಿಲ್ಲಿಸಲು ಜಾಗ ಸಾಲದೆ ಒಂದನ್ನು ಕೊಡಲೇಬೇಕಾಯಿತು. ಸುಮ್ನೆ ಮನಸ್ಸಿಗೆ ಬಂದಂತೆ ತೀರ್ಮಾನ ಮಾಡುವುದು ಬೇಡ ಎಂದು ಒಂದು ತಿಂಗಳು ಎರಡನ್ನೂ ಒಂದೇ ದಾರಿಯಲ್ಲಿ, ಅದೇ ನಾಲ್ಕು ಜನರನ್ನು ಕೂರಿಸಿಕೊಂಡು ಓಡಿಸಿದೆ.

ಪೆಟ್ರೋಲ್ ಲೆಕ್ಕದಲ್ಲಿ ನನ್ನ ಕಾರೇ ಮುಂದಿತ್ತು. ಅದು ಮೊದಲೇ ಗೊತ್ತಿದ್ದದ್ದೇ.

ರಿಪೇರಿಯಲ್ಲಿ ಮಾತ್ರ ಅಪ್ಪನ ಕಾರಿನ ಮೇಲೆ ಪ್ರೀತಿ ಜಾಸ್ತಿಯಾಯಿತು. ಒಂದು ದಿನ ಎಂಜಿನ್ ಮುಗ್ಗರಿಸತೊಡಗಿತು. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದರೆ, ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಸುಟ್ಟಿರುವುದು ಕಣ್ಣಿಗೇ ಕಾಣುತ್ತಿತ್ತು. ಉಜ್ಜಿ, ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಇಟ್ಟು 0.4 ಮಿ.ಮೀ. ಸಂದು ಬಿಟ್ಟೆ. ಅರ್ಧ ಗಂಟೆಯಲ್ಲಿ ಸರಿಹೋಯಿತು.

ನನ್ನ ಕಾರಿನಲ್ಲಿ ಎಂಜಿನ್ ದೀಪ ಹತ್ತಿಕೊಂಡಿತು. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಬಂದದ್ದು ಪಿ0135 ಎಂಬ ಕೋಡ್. ಸೆನ್ಸರ್ ಹೋಗಿದೆ, ಬದಲಾಯಿಸಿ ಎಂದು ಮೆಕ್ಯಾನಿಕ್ ಹೇಳಿದರು. ಆದರೆ ಆ ಕೋಡ್ ಹೇಳುವುದು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಅನ್ನು ಬಿಸಿ ಮಾಡುವ ಹೀಟರ್ ಸರ್ಕ್ಯೂಟಿನಲ್ಲಿ ತೊಂದರೆ ಇದೆ ಎಂದಷ್ಟೇ. ಸೆನ್ಸರೇ ಕೆಟ್ಟಿದೆ ಎಂದಲ್ಲ. ಮಲ್ಟಿಮೀಟರ್ ಹಿಡಿದು ನೋಡಿದೆ, ಹೀಟರ್ ಸರಿಯಾಗೇ ಇತ್ತು. ಕನೆಕ್ಟರಿನ ಒಂದು ಪಿನ್‌ಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ತೊಳೆದು ಕೋಡ್ ಅಳಿಸಿದ ಮೇಲೆ ದೀಪ ಮತ್ತೆ ಬರಲಿಲ್ಲ. ಕೋಡ್ ನೋಡಿದ ಕೂಡಲೇ ಬಿಡಿಭಾಗ ಕೊಳ್ಳಬೇಡಿ.

ಅಲ್ಲಿಯವರೆಗೂ ನನ್ನ ಮನಸ್ಸು ಅಪ್ಪನ ಕಾರಿನ ಕಡೆಗೇ ಇತ್ತು. ಅದು ಬದಲಾದದ್ದು ಒಂದು ಉದ್ದನೆಯ ಇಳಿಜಾರಿನಲ್ಲಿ. ಆ ಕಾರಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮತ್ತೆ ಮತ್ತೆ ಒತ್ತಿದಾಗ ಡ್ರಮ್ ಕಾದು ಹಿಗ್ಗುತ್ತದೆ, ಒಳಗಿನಿಂದ ಅದಕ್ಕೆ ಒತ್ತುವ ಬ್ರೇಕ್ ಶೂ ಅದನ್ನು ಮುಟ್ಟಲು ಇನ್ನಷ್ಟು ದೂರ ಹೋಗಬೇಕು. ಪೆಡಲ್ ಕಾಲಡಿ ಕೆಳಕ್ಕಿಳಿಯಿತು. ಕೆಳಗಿನ ಗೇರಿಗೆ ಹಾಕಿ ನಿಧಾನಕ್ಕೆ ಇಳಿಸಿದೆ. ಕನ್ನಡಿಯಲ್ಲಿ ಹಿಂದಿನ ಸೀಟಿನ ಮಕ್ಕಳು ಕಾಣುತ್ತಿದ್ದರು, ಅವರಿಗೆ ಬೆಲ್ಟ್ ಇಲ್ಲ. ವೋಲ್ವೋದವರು ಮೂರು ಕಡೆ ಹಿಡಿಯುವ ಬೆಲ್ಟನ್ನು 1959ರಲ್ಲೇ ಕಾರಿಗೆ ಹಾಕಿದ್ದರು. ನಮ್ಮ ಈ ಕಾರಿನ ಹಿಂದಿನ ಸೀಟಿಗೆ ಮಾತ್ರ ಅದು ಬಂದೇ ಇರಲಿಲ್ಲ. ಆಮೇಲೆ ಹಾಕಿಸೋಣ ಎಂದರೆ ಬೋಲ್ಟ್ ಬಿಗಿಯಲು ಗಟ್ಟಿ ಜಾಗವೇ ಇಲ್ಲ. ಬರೀ ತಗಡಿಗೆ ಬಿಗಿದರೆ ಪೆಟ್ಟು ಬಿದ್ದಾಗ ಕಿತ್ತು ಬರುತ್ತದೆ.

ನನ್ನ ಕಾರಿಗೆ ಮುಂದೆ, ಕಾದಾಗ ಡ್ರಮ್‌ನಂತೆ ದೂರ ಸರಿಯದ ಡಿಸ್ಕ್ ಬ್ರೇಕ್, ಹಿಂದೆಯೂ ಬೆಲ್ಟ್ ಇವೆ. ಅದನ್ನೇ ಉಳಿಸಿಕೊಂಡೆ. ಅಪ್ಪನ ಕಾರನ್ನು ಹಳೇ ಗಾಡಿ ಬಲ್ಲ ಗೆಳೆಯನಿಗೆ ಕೊಟ್ಟೆ. ಫೀಲರ್ ಗೇಜನ್ನೂ ಅದರ ಜೊತೆಗೇ ಕೊಟ್ಟೆ.