ಪಾರ್ಲರ್ ಕೆಲಸ ಕಲಿಯಬೇಕಾ? ಮೊದಲು ದಾರ, ಆಮೇಲೆ ಕತ್ತರಿ, ಬಣ್ಣ ಕೊನೆಗೆ

ಬೆಂಗಳೂರಿನ ವಿಜಯನಗರದಲ್ಲಿ ನನ್ನದೊಂದು ಎರಡು ಕುರ್ಚಿಯ ಪಾರ್ಲರ್ ಇದೆ. ಆಗಾಗ ಯಾರಾದರೂ ಹುಡುಗಿ ಬಾಗಿಲಲ್ಲಿ ನಿಂತು "ಅಕ್ಕಾ, ನನಗೂ ಕೆಲಸ ಕಲಿಸ್ತೀರಾ?" ಎಂದು ಕೇಳುತ್ತಾಳೆ. ಏನು ಕಲಿಯಬೇಕಮ್ಮ ಅಂದರೆ ಹೆಚ್ಚಿನವರ ಬಾಯಲ್ಲಿ ಬರುವುದು ಒಂದೇ ಮಾತು, ಬ್ರೈಡಲ್ ಮೇಕಪ್. ಆಸೆ ತಪ್ಪಲ್ಲ, ಒಂದು ಮದುವೆಗೆ ಸಿಗುವ ದುಡ್ಡು ಹಾಗಿದೆ. ಆದರೆ ಮದುಮಗಳು ಬರುವುದು ಮುಹೂರ್ತ ಇದ್ದಾಗ ಮಾತ್ರ. ಐಬ್ರೋ ಮಾಡಿಸುವವರು ಮೂರು ವಾರಕ್ಕೊಮ್ಮೆ ಬಂದೇ ಬರುತ್ತಾರೆ, ಆಷಾಢವಿರಲಿ ಶ್ರಾವಣವಿರಲಿ. ನನ್ನ ಅಂಗಡಿ ಬಾಡಿಗೆ ಕಟ್ಟುವುದು ದಾರದ ಉಂಡೆ, ಮೇಕಪ್ ಪೆಟ್ಟಿಗೆಯಲ್ಲ.

ನಾನೂ ಉಲ್ಟಾ ಕಲಿತವಳೇ. ಚೀಟಿ ಎತ್ತಿ ಫೀಸು ಕಟ್ಟಿ ಮೂರು ತಿಂಗಳ ಕೋರ್ಸ್‌ಗೆ ಸೇರಿದ್ದೆ. ಮೇಕಪ್‌ಗೆ ಒಂದೂವರೆ ತಿಂಗಳು, ಥ್ರೆಡಿಂಗ್‌ಗೆ ಎರಡೇ ಕ್ಲಾಸು. ಸರ್ಟಿಫಿಕೇಟ್ ಗೋಡೆಗೆ ಹಾಕಿದ ವಾರವೇ ಪಕ್ಕದ ಮನೆ ಆಂಟಿಯ ಹುಬ್ಬಿನ ಬಾಲ ಹಾರಿಸಿಬಿಟ್ಟೆ. ಅವರ ಮಗಳ ನಿಶ್ಚಿತಾರ್ಥಕ್ಕೆ ಹತ್ತೇ ದಿನ ಇತ್ತು. ಪಾಪ, ಬಯ್ಯಲಿಲ್ಲ, ಎರಡು ತಿಂಗಳು ಪೆನ್ಸಿಲ್‌ನಲ್ಲಿ ಬರೆದುಕೊಂಡೇ ಓಡಾಡಿದರು. ಅದಕ್ಕೇ ಈಗ ಯಾರು ಕೇಳಿದರೂ ಒಂದೇ ಲೆಕ್ಕ ಹೇಳುತ್ತೇನೆ: ತಪ್ಪಾದರೆ ಬೇಗ ಸರಿಹೋಗುವ ಕೆಲಸ ಮೊದಲು ಕಲಿಯಿರಿ, ಸರಿಮಾಡಲು ಆಗದ ಕೆಲಸ ಕೊನೆಗೆ.

ಈ ಲೆಕ್ಕಕ್ಕೆ ಸಿಗದೆ ಇರುವುದು ಸೋಂಕು ಒಂದೇ, ಹಾಗಾಗಿ ಎಲ್ಲಕ್ಕಿಂತ ಮುಂಚೆ ತೊಳೆಯುವುದು ಕಲಿಯಬೇಕು. ಬಾಚಣಿಗೆ, ಕತ್ತರಿ, ಪ್ಲಕ್ಕರ್ ಎಲ್ಲವನ್ನೂ ಮೊದಲು ಸೋಪು ನೀರಲ್ಲಿ ಉಜ್ಜಿ, ಆಮೇಲೆ ಡಿಸ್‌ಇನ್ಫೆಕ್ಟೆಂಟ್‌ಗೆ ಹಾಕಿ. ಕೂದಲು, ಜಿಡ್ಡು ಅಂಟಿಕೊಂಡಿರುವಾಗಲೇ ಅದ್ದಿದರೆ ಔಷಧಿ ಕೆಲಸ ಮಾಡುವುದಿಲ್ಲ, ಸುಮ್ನೆ ನೀಲಿ ನೀರಲ್ಲಿ ಮುಳುಗಿಸಿಟ್ಟ ಹಾಗೆ. ಬ್ಲೇಡನ್ನು ಕಸ್ಟಮರ್ ಕಣ್ಣೆದುರೇ ಹೊಸದಾಗಿ ಬಿಚ್ಚಿ, ಅವರೆದುರೇ ಮುರಿದು ಹಾಕಿ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಬಿದ್ದ ಮೇಲೂ ಕನಿಷ್ಠ 7 ದಿನ ಬದುಕಿರಬಲ್ಲದು, ಒಣಗಿದ ರಕ್ತದ ಕಲೆ ಕಣ್ಣಿಗೆ ಕಾಣಬೇಕು ಅಂತಲೂ ಇಲ್ಲ. ಈ ಕೆಲಸಕ್ಕೆ ಇಳಿಯುವ ಮೊದಲು ನೀವೂ ಅದರ ಲಸಿಕೆ ಹಾಕಿಸಿಕೊಳ್ಳಿ: ಮೂರು ಡೋಸು, ಮೊದಲನೆಯದು ಹಾಕಿಸಿಕೊಂಡ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೋರ್ಸುಗಳಲ್ಲಿ ಈ ವಿಷಯ ಎತ್ತುವವರು ಕಡಿಮೆ.

ಈಗ ದಾರ. ಸುಮಾರು ಎರಡಡಿ ಕಾಟನ್ ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಹಿಂದೆ ಎಲ್ಲರೂ ಹಲ್ಲಲ್ಲಿ ಕಚ್ಚುತ್ತಿದ್ದೆವು, ಕೋವಿಡ್ ಬಂದ ಮೇಲೆ ನಾನು ಕುತ್ತಿಗೆಗೆ ಸುತ್ತಿಕೊಳ್ಳುವುದು ರೂಢಿ ಮಾಡಿಕೊಂಡೆ. ಅದೇ ವಾಸಿ, ಎಂಜಲಿನ ಪ್ರಶ್ನೆಯೇ ಇಲ್ಲ. ಎರಡೂ ಕೈಗೆ ದಾರ ತಂದು ನಡುವೆ ಎಂಟು ಹತ್ತು ಸುತ್ತು ತಿರುವಿ. ಒಂದು ಕೈಯ ಬೆರಳು ಅಗಲಿಸಿದರೆ ಆ ತಿರುವು ಸರ್ರನೆ ಜಾರುತ್ತದಲ್ಲ, ಜಾರುವಾಗ ಕೂದಲನ್ನು ಹಿಡಿದು ಕೀಳುವುದು ಅದೇ. ಕೂದಲು ಬೆಳೆದಿರುವ ದಿಕ್ಕಿಗೆ ಎದುರಾಗಿ ಕೀಳಬೇಕು.

ಮೊದಲ ತಿಂಗಳು ನಿಮ್ಮ ಕಾಲೇ ನಿಮ್ಮ ಕಸ್ಟಮರ್. ಕಾಲು ಮಡಚಿ ಕೂತು, ಪೌಡರ್ ಹಚ್ಚಿ, ಮೊಣಕಾಲಿನ ಕೆಳಗೆ ದಿನಾ ಅರ್ಧ ಗಂಟೆ. ಚರ್ಮ ಸಿಕ್ಕಿ ಗೆರೆ ಬಿದ್ದರೆ ದಾರ ಸಡಿಲ ಇದೆ ಅಂತ ಅರ್ಥ, ಕೂದಲು ಅರ್ಧಕ್ಕೆ ತುಂಡಾದರೆ ದಾರ ಬುಡಕ್ಕೆ ಕೂತಿಲ್ಲ ಅಂತ. ಉರಿ ಆಗುತ್ತದೆ, ಆಗಲಿ, ಆ ಉರಿ ಗೊತ್ತಿಲ್ಲದವಳು ಬೇರೆಯವರ ಮುಖಕ್ಕೆ ಕೈ ಹಾಕಬಾರದು. ಕೈ ಪಳಗಿದ ಮೇಲೆ ಅಪ್ಪರ್ ಲಿಪ್, ಹಣೆ, ಕಡೆಗೆ ಹುಬ್ಬು.

ಹುಬ್ಬಿಗೆ ದಾರ ಮುಟ್ಟಿಸುವ ಮೊದಲು ಪೆನ್ಸಿಲ್ ಹಿಡಿಯಿರಿ. ಮೂಗಿನ ಹೊಳ್ಳೆಯ ಪಕ್ಕದಿಂದ ನೇರ ಮೇಲಕ್ಕೆ ಹೋದರೆ ಹುಬ್ಬು ಶುರುವಾಗುವ ಜಾಗ. ಅಲ್ಲಿಂದಲೇ ಕಣ್ಣಿನ ಕಪ್ಪು ಗುಡ್ಡೆಯ ಹೊರ ಅಂಚಿನ ಮೇಲೆ ಹಾಯಿಸಿದರೆ ಬಾಗು ಬರುವ ಜಾಗ, ಕಣ್ಣಿನ ಹೊರ ತುದಿಯ ಮೇಲೆ ಹಾಯಿಸಿದರೆ ಬಾಲ ಮುಗಿಯುವ ಜಾಗ. ಮೂರು ಚುಕ್ಕೆ ಇಟ್ಟು ಕನ್ನಡಿ ತೋರಿಸಿ "ಇಷ್ಟು ಸಾಕಾ ಮೇಡಂ" ಎಂದು ಕೇಳಿ. ಕಸ್ಟಮರ್ ಒಂದು ಕೈಯಲ್ಲಿ ರೆಪ್ಪೆ ಕೆಳಕ್ಕೆ, ಇನ್ನೊಂದು ಕೈಯಲ್ಲಿ ಹಣೆ ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಬೇಕು. ಹಿಡಿತ ಸಡಿಲ ಆದರೆ ನಿಲ್ಲಿಸಿ, ಮತ್ತೆ ಹಿಡಿಯಲು ಹೇಳಿ, ಸಂಕೋಚ ಬೇಡ. ಕೆಳಗಿನ ಸಾಲು ತೆಗೆಯಿರಿ, ಮೇಲಿನದ್ದನ್ನು ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದು. ಎರಡೂ ಹುಬ್ಬು ಒಂದೇ ಥರ ಮಾಡಲು ಹೋಗಿ ಆ ಕಡೆ ಎರಡು, ಈ ಕಡೆ ಎರಡು ಅಂತ ಕೀಳುತ್ತಾ ಹೋದರೆ ಕೊನೆಗೆ ಉಳಿಯುವುದು ಗೆರೆ ಮಾತ್ರ. ಯಾರ ಹುಬ್ಬೂ ಒಂದೇ ಸಮ ಇರುವುದಿಲ್ಲ, ಬಿಡಿ.

ವ್ಯಾಕ್ಸಿಂಗ್‌ನಲ್ಲಿ ಕೈಚಳಕಕ್ಕಿಂತ ಬಿಸಿಯ ಅಂದಾಜು ಮುಖ್ಯ. ಪ್ರತಿ ಸಲ ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಹಚ್ಚಿ ನೋಡಿ, ಹೀಟರ್ ಮೇಲಿನ ನಂಬರ್ ನಂಬಬೇಡಿ. ಡಿಸೆಂಬರ್‌ನಲ್ಲಿ ನಮ್ಮೂರ ಬೆಳಗಿನ ಚಳಿಗೆ ವ್ಯಾಕ್ಸ್ ಬೇಗ ಗಟ್ಟಿಯಾಗುತ್ತದೆ ಅಂತ ಬಿಸಿ ಏರಿಸುತ್ತೇವೆ, ಸುಡುವುದು ಆಗಲೇ. ಕೂದಲು ಅಕ್ಕಿ ಕಾಳಿನಷ್ಟು ಉದ್ದ ಇರಲಿ. ಬೆಳೆದ ದಿಕ್ಕಿಗೆ ತೆಳ್ಳಗೆ ಹಚ್ಚಿ, ಎದುರು ದಿಕ್ಕಿಗೆ ಚರ್ಮಕ್ಕೆ ಒತ್ತಿಕೊಂಡ ಹಾಗೆ ಎಳೆಯಿರಿ, ಮೇಲಕ್ಕೆ ಎಳೆದರೆ ಚರ್ಮ ಕಿತ್ತು ಬರುತ್ತದೆ. ಎಳೆದ ತಕ್ಷಣ ಅಂಗೈ ಒತ್ತಿ ಹಿಡಿದರೆ ನೋವು ಅರ್ಧ ಇಳಿಯುತ್ತದೆ. ಕಂಕುಳಲ್ಲಿ ಕೂದಲು ಎರಡು ದಿಕ್ಕಿಗೆ ಬೆಳೆದಿರುವುದರಿಂದ ಎರಡು ಭಾಗ ಮಾಡಿಕೊಳ್ಳಿ. ಒಮ್ಮೆ ಮೈಗೆ ಮುಟ್ಟಿಸಿದ ಕಡ್ಡಿಯನ್ನು ಮತ್ತೆ ಡಬ್ಬಿಗೆ ಅದ್ದಬೇಡಿ. ಮೊಡವೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ರೆಟಿನಾಲ್ ಕ್ರೀಮ್ ಹಚ್ಚುತ್ತಿದ್ದೀರಾ, ಶುಗರ್ ಇದೆಯಾ, ಇವಿಷ್ಟು ಕೇಳಿಯೇ ಶುರು ಮಾಡಿ. ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಮಾತ್ರೆ ತೆಗೆದುಕೊಳ್ಳುವವರ ಚರ್ಮ ವ್ಯಾಕ್ಸ್ ಜೊತೆಗೇ ಎದ್ದು ಬರಬಹುದು. ಮಾತ್ರೆ ನಿಲ್ಲಿಸಿ ಆರು ತಿಂಗಳಾಗುವವರೆಗೂ ನಾನು ಅವರಿಗೆ ವ್ಯಾಕ್ಸ್ ಮಾಡುವುದಿಲ್ಲ.

ಫೇಶಿಯಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲೆನ್ಸಿಂಗ್, ಸ್ಕ್ರಬ್, ಸ್ಟೀಮ್, ಮಸಾಜ್, ಪ್ಯಾಕ್, ಈ ಕ್ರಮ ಎರಡು ವಾರದಲ್ಲಿ ಬರುತ್ತದೆ. ಕೈ ಬಿಸಿ ಮಾಡಿಕೊಂಡು ಮುಟ್ಟಿ, ಉಗುರು ಕತ್ತರಿಸಿಕೊಂಡಿರಿ. ಥ್ರೆಡಿಂಗ್ ಮಾಡಿದ ಕೂಡಲೇ ಅದೇ ಜಾಗಕ್ಕೆ ಬ್ಲೀಚ್ ಹಚ್ಚಬೇಡಿ.

ಕತ್ತರಿಯದ್ದು ಬೇರೆಯೇ ಲೋಕ. ಉಂಗುರ ಬೆರಳು ಒಂದು ಬಳೆಯಲ್ಲಿ, ಹೆಬ್ಬೆರಳಿನ ತುದಿ ಇನ್ನೊಂದರಲ್ಲಿ, ಅಲುಗಾಡಬೇಕಾದದ್ದು ಹೆಬ್ಬೆರಳು ಮಾತ್ರ. ಟಿವಿ ನೋಡುತ್ತಾ ಗಾಳಿಯಲ್ಲೇ ಆಡಿಸಿ, ಮನೆಯವರು ನಕ್ಕರೆ ನಗಲಿ. ಚಿಕ್ಕಪೇಟೆ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಪೇಟೆಯೊಳಗೆ ನಡೆದರೆ ಪಾರ್ಲರ್ ಸಾಮಾನು ಹೋಲ್‌ಸೇಲ್ ದರಕ್ಕೆ ಸಿಗುತ್ತದೆ. ಕ್ಲಿಪ್ಪು, ಏಪ್ರನ್, ಬೌಲು ಎಲ್ಲ ಅಲ್ಲೇ ಚೌಕಾಸಿ ಮಾಡಿ ತನ್ನಿ. ಕತ್ತರಿಗೆ ಮಾತ್ರ ಜಿಪುಣತನ ಬೇಡ, ಐದೂವರೆ ಇಂಚಿನ ಒಂದು ಒಳ್ಳೆಯದು ಸಾಕು, ಅದರಲ್ಲಿ ಕೂದಲು ಬಿಟ್ಟು ಬೇರೇನೂ ಕತ್ತರಿಸಬಾರದು. ಡಮ್ಮಿ, ಅಂದರೆ ಪ್ರಾಕ್ಟೀಸಿನ ಗೊಂಬೆ ತಲೆ, ಕೊಳ್ಳುವಾಗ ನಿಜವಾದ ಕೂದಲಿನದ್ದೇ ಕೇಳಿ, ಪ್ಲಾಸ್ಟಿಕ್ ಕೂದಲು ಐರನ್ ಇಟ್ಟರೆ ಕರಗುತ್ತದೆ.

ಶುರುವಿಗೆ ಲೇಯರ್, ಸ್ಟೆಪ್ ಎಲ್ಲ ಬೇಡ. ತಲೆಯನ್ನು ನಾಲ್ಕು ಭಾಗ ಮಾಡಿ, ಕೂದಲು ಒದ್ದೆ ಮಾಡಿ, ನೇರ ಕೆಳಗೆ ಬಾಚಿ ಒಂದೇ ಸಮನೆ ಕತ್ತರಿಸುವುದನ್ನು ಕಲಿಯಿರಿ. ಸಲೀಸು ಅನಿಸುತ್ತದೆ, ಆದರೆ ಒಂದು ಗೆರೆ ಸೊಟ್ಟ ಬಂದರೆ ಊರಿಗೆಲ್ಲ ಕಾಣುವುದು ಇದರಲ್ಲೇ. ಅದು ಬಂದರೆ ಯು ಕಟ್, ವಿ ಕಟ್ ತಾನಾಗಿಯೇ ಬರುತ್ತದೆ. ಲೇಯರ್ ಅಂದರೆ ಕೂದಲನ್ನು ತಲೆಯಿಂದ ಎಷ್ಟು ಎತ್ತಿ ಹಿಡಿದು ಕತ್ತರಿಸುತ್ತೀರಿ ಅನ್ನುವ ಲೆಕ್ಕ, 45 ಡಿಗ್ರಿಯೋ 90 ಡಿಗ್ರಿಯೋ, ಅದನ್ನು ಡಮ್ಮಿ ಮೇಲೆ ಹಾಳು ಮಾಡಿಯೇ ಕಲಿಯಬೇಕು. ಒದ್ದೆ ಕೂದಲು ಒಣಗಿದ ಮೇಲೆ ಮೇಲಕ್ಕೆ ಹೋಗುತ್ತದೆ, ಗುಂಗುರು ಕೂದಲಾದರೆ ಇನ್ನೂ ಜಾಸ್ತಿ. ಮತ್ತೆ "ಸ್ವಲ್ಪ ಟ್ರಿಮ್ ಮಾಡಿ" ಅಂದವರ ಸ್ವಲ್ಪ ಯಾವುದು ಅಂತ ಬೆನ್ನ ಮೇಲೆ ಬಾಚಣಿಗೆ ಇಟ್ಟು ಕೇಳಿ. ನಾಲ್ಕು ಇಂಚು ಅನ್ನುವವರೂ ಇದ್ದಾರೆ, ಎರಡು ಬೆರಳು ಅನ್ನುವವರೂ ಇದ್ದಾರೆ, ಇಬ್ಬರೂ ಹೇಳುವುದು ಸ್ವಲ್ಪ ಅಂತಲೇ. ಶಾಂಪೂ ವಿಷಯದಲ್ಲಿ ನೀರು ನೋಡಿಕೊಳ್ಳಿ: ಬೋರ್‌ವೆಲ್ ಅಥವಾ ಟ್ಯಾಂಕರ್‌ನ ಗಡಸು ನೀರಲ್ಲಿ ನೊರೆ ಏಳುವುದಿಲ್ಲ, ಅಂತ ಶಾಂಪೂ ಸುರಿಯುತ್ತಾ ಹೋದರೆ ಖರ್ಚು ನಿಮಗೇ. ಎಣ್ಣೆ ತಲೆಗೆ ಸ್ವಲ್ಪ ಸ್ವಲ್ಪವೇ ಎರಡು ಸಲ ಹಾಕಿ ತೊಳೆಯಿರಿ. ದಿನಕ್ಕೆ ಹತ್ತು ತಲೆ ತೊಳೆದರೆ ಕೈ ಬಿರಿಯುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಬಣ್ಣ ಯಾಕೆ ಕೊನೆಗೆ ಅಂದರೆ, ಅಲ್ಲಿ ತಪ್ಪಾದರೆ ಕಸ್ಟಮರ್ ಆಸ್ಪತ್ರೆಗೆ ಹೋಗಬೇಕಾಗಬಹುದು. ಹೆಚ್ಚಿನ ಪರ್ಮನೆಂಟ್ ಡೈಗಳಲ್ಲಿ ಪಿಪಿಡಿ ಅಥವಾ ಅದರ ಥರದ್ದೇ ಇನ್ನೊಂದು ರಾಸಾಯನಿಕ ಇರುತ್ತದೆ, ಕೆಲವರಿಗೆ ಅದು ಆಗಿಬರುವುದಿಲ್ಲ, ಮುಖವೆಲ್ಲ ಊದಿಕೊಳ್ಳುತ್ತದೆ. ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಬೇಕು. "ಈಗಲೇ ಮಾಡಿ, ಸಂಜೆ ರಿಸೆಪ್ಷನ್ ಇದೆ" ಅನ್ನುವವರಿಗೆ ಆಗಲ್ಲ ಅಂದುಬಿಡಿ. ಬಣ್ಣಕ್ಕೆ ಬೆರೆಸುವ ಡೆವಲಪರ್‌ನ ಡಬ್ಬಿ ಮೇಲಿನ 10, 20, 30, 40 ವಾಲ್ಯೂಮ್ ಅಂದರೆ ಕ್ರಮವಾಗಿ 3, 6, 9, 12 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಬಿಳಿ ಕೂದಲು ಮುಚ್ಚಲು ಸಾಮಾನ್ಯವಾಗಿ 20 ಸಾಕು. ಬೇಗ ಆಗಲಿ ಅಂತ 40 ತೆಗೆದು ನೆತ್ತಿಗೆ ಹಚ್ಚಬೇಡಿ. ಮೆಹಂದಿ ಹಚ್ಚುತ್ತಿದ್ದೀರಾ ಅಂತಲೂ ಕೇಳಿ, ಯಾಕೆಂದರೆ ಕೆಲವು ಪ್ಯಾಕೆಟ್ ಮೆಹಂದಿಗಳಲ್ಲಿ ಲೋಹದ ಲವಣ ಇರುತ್ತದೆ, ಅದರ ಮೇಲೆ ಬ್ಲೀಚ್ ಬಿದ್ದರೆ ಕೂದಲು ಬಿಸಿಯಾಗಿ ತುಂಡಾಗುತ್ತದೆ. ಒಂದು ಎಳೆ ಕತ್ತರಿಸಿ ಅದರ ಮೇಲೆ ಮೊದಲು ಪರೀಕ್ಷೆ ಮಾಡಿ. ಕೂದಲು ನೇರ, ನುಣುಪು ಮಾಡುವ ಸ್ಮೂದನಿಂಗ್, ಕೆರಾಟಿನ್ ಅಂತೂ ವರ್ಷ ಕಳೆಯುವವರೆಗೆ ಮುಟ್ಟಬೇಡಿ. ಅವುಗಳಲ್ಲಿ ಕೆಲವು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನ್ನುವ ವಿಷದ ಗಾಳಿ ಬಿಡುತ್ತವೆ, ಎಸಿ ಹಾಕಿ ಕಿಟಕಿ ಮುಚ್ಚಿದ ಹತ್ತಡಿ ಅಂಗಡಿಯಲ್ಲಿ ಅದನ್ನು ದಿನಾ ಕುಡಿಯುವವರು ನೀವೇ ಅಲ್ವಾ.

ಎಲ್ಲಿ ಕಲಿಯುವುದು? ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಐಟಿಐಗಳಲ್ಲಿ ಕಾಸ್ಮೆಟಾಲಜಿ ಒಂದು ವರ್ಷದ ಟ್ರೇಡ್, ಖಾಸಗಿ ಫೀಸಿನ ಮುಂದೆ ಸರ್ಕಾರಿ ಫೀಸು ಏನೂ ಅಲ್ಲ. ಹೊಸೂರು ರಸ್ತೆಯಲ್ಲಿ ಮಹಿಳೆಯರಿಗೆಂದೇ ಕೇಂದ್ರ ಸರ್ಕಾರದ ಕೌಶಲ ತರಬೇತಿ ಸಂಸ್ಥೆ ಇದೆ, ಅಲ್ಲೂ ವಿಚಾರಿಸಿ. ಹಳ್ಳಿ ಕಡೆಯವರಾದರೆ ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಯಲ್ಲಿ ಕೇಳಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ ಅದು, ತರಬೇತಿ, ಊಟ, ವಸತಿ ಎಲ್ಲ ಉಚಿತ. ಖಾಸಗಿ ಅಕಾಡೆಮಿಗೆ ಸೇರುವುದಾದರೆ ಗೋಡೆ ಮೇಲಿನ ಫೋಟೋ ನೋಡಬೇಡಿ. ನನ್ನ ಕೈಗೆ ಎಷ್ಟು ಜನ ನಿಜವಾದ ಮಾಡೆಲ್ ಸಿಗುತ್ತಾರೆ, ಒಂದು ಕುರ್ಚಿಗೆ ಎಷ್ಟು ಜನ ಸ್ಟೂಡೆಂಟ್ಸ್, ಈ ಎರಡು ಪ್ರಶ್ನೆ ಕೇಳಿ. ತಡವರಿಸಿದರೆ ಎದ್ದು ಬನ್ನಿ.

ಕೋರ್ಸ್ ಮುಗಿದ ಮೇಲೆ ಆರು ತಿಂಗಳಾದರೂ ಯಾರದ್ದಾದರೂ ಪಾರ್ಲರ್‌ನಲ್ಲಿ ಹೆಲ್ಪರ್ ಆಗಿ. ಕೂದಲು ಗುಡಿಸುವಾಗ, ಟವೆಲ್ ಮಡಚುವಾಗ ಕಣ್ಣು ಮಾತ್ರ ಸೀನಿಯರ್ ಕೈ ಮೇಲಿರಲಿ. ಈ ಊರಲ್ಲಿ ಮಣಿಪುರ, ಮಿಜೋರಾಂ ಕಡೆಯ ಹುಡುಗಿಯರು ತುಂಬಾ ಜನ ಇದೇ ಕೆಲಸದಲ್ಲಿದ್ದಾರೆ, ನಾನು ಬ್ಲೋ ಡ್ರೈ ಕಲಿತದ್ದು ಅಂಥ ಒಬ್ಬಳಿಂದ, ಅರ್ಧ ಹಿಂದಿ ಅರ್ಧ ಸನ್ನೆಯಲ್ಲಿ.

ಪ್ರಾಕ್ಟೀಸಿಗೆ ಒಳ್ಳೆಯ ದಿನ ಮಂಗಳವಾರ. ಗಂಡಸರ ಸಲೂನ್‌ಗಳಿಗೆ ಅವತ್ತು ರಜೆ, ನನ್ನಲ್ಲೂ ಕೂದಲು ಕತ್ತರಿಸಿಕೊಳ್ಳುವವರು ಬರುವುದಿಲ್ಲ. ಬಾಗಿಲಿಗೆ ಬರುವ ಹುಡುಗಿಯರಿಗೆ ಅದನ್ನೇ ಹೇಳುತ್ತೇನೆ: ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬಾ, ಕಾಲಿಗೆ ವ್ಯಾಕ್ಸ್ ಮಾಡಿಸಿಕೊಂಡು ಬರಬೇಡ, ದಾರ ನಾನು ಕೊಡುತ್ತೇನೆ.