ಮೋಟು ನಳಿಗೆಗೆ ಭಾರದ ಗುಂಡು: ನನ್ನ ಅನುಭವ

ಮೂರು ಇಂಚಿನ ಮೋಟು ನಳಿಗೆಯ 9 ಎಂಎಂ ಪಿಸ್ತೂಲಿಗೆ 147 ಗ್ರೇನ್ ತೂಕದ ಭಾರದ ಗುಂಡು ಹಾಕಿಕೊಳ್ಳುತ್ತೇನೆ ಎಂದಾಗ ಡಾಲಸ್ ಸುತ್ತಮುತ್ತಲ ನಮ್ಮ ಕನ್ನಡದ ಬಳಗ ನಕ್ಕಿತ್ತು. ಹಾಸನದ ಗೌಡರಂತೂ ಎಲ್ಲರೆದುರೇ, "ಭಟ್ಟರೇ, ಅದು ಎತ್ತಿನಗಾಡಿ. ಮೋಟು ನಳಿಗೆಗೆ ಹಗುರದ್ದು, ವೇಗದ್ದು, ಪ್ಲಸ್ ಪಿ ಬೇಕು" ಎಂದಿದ್ದರು. ಪ್ಲಸ್ ಪಿ ಎಂದರೆ ಸಾದಾ ತೋಟಾಕ್ಕಿಂತ ಹೆಚ್ಚು ಒತ್ತಡದ, ಜೋರಿನ ತೋಟಾ. ಈಗ ಅದೇ ಗೌಡರು ನನ್ನ ಅಂಗಡಿಗೆ ಬಂದಾಗ ತೊಗರಿಬೇಳೆಯ ಜೊತೆಗೆ ನನ್ನ ಗುಂಡಿನ ಡಬ್ಬಿಯ ಲಾಟ್ (ತಯಾರಿಕೆಯ ಕಂತಿನ) ನಂಬರನ್ನೂ ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನನ್ನದು ದಿನಸಿ ಅಂಗಡಿ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ, ಹಣದ ಚೀಲ ಹಿಡಿದು, ಕತ್ತಲ ಪಾರ್ಕಿಂಗಿನಲ್ಲಿ ಕಾರಿನವರೆಗೆ ನಡೆಯಬೇಕು. 2019ರಲ್ಲಿ ಪಿಸ್ತೂಲು ಕೊಂಡಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೌಂಟರಿನ ಹುಡುಗ ತೋರಿಸಿದ 115 ಗ್ರೇನಿನ ಚಂದದ ಡಬ್ಬಿ ತಂದೆ. ಇಪ್ಪತ್ತು ಗುಂಡಿಗೆ ಇಪ್ಪತ್ತೈದು ಡಾಲರು. ಹತ್ತನ್ನು ಹೊಡೆದು ನೋಡಿದೆ, ಹತ್ತೂ ಹಾರಿದವು. ಉಳಿದ ಹತ್ತನ್ನು ತುಂಬಿಕೊಂಡು ಆರು ತಿಂಗಳು ನೆಮ್ಮದಿಯಾಗಿ ಓಡಾಡಿದೆ.

ಆ ನೆಮ್ಮದಿ ಹೋದದ್ದು ಒಂದು ಕ್ಯಾಲಿಪರಿನಿಂದ. ಮನೆಯಲ್ಲಿ ಮಕ್ಕಳಿದ್ದಾರೆ. ಹಾಗಾಗಿ ರಾತ್ರಿ ಪಿಸ್ತೂಲನ್ನು ಖಾಲಿ ಮಾಡಿ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಿದ್ದೆ, ಬೆಳಿಗ್ಗೆ ಮತ್ತೆ ತುಂಬುತ್ತಿದ್ದೆ. ದಿನವೂ ಚೇಂಬರಿಗೆ, ಅಂದರೆ ನಳಿಗೆಯ ಹಿಂಬದಿಯ ಗೂಡಿಗೆ, ಹೋಗಿ ಬರುತ್ತಿದ್ದದ್ದು ಅದೇ ಒಂದು ತೋಟಾ. ಒಂದು ದಿನ ಅದನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸಿದರೆ ಕುಳ್ಳಗೆ ಕಂಡಿತು. ಅಳೆದರೆ ಮುಕ್ಕಾಲು ಮಿಲಿಮೀಟರಿನಷ್ಟು ಗಿಡ್ಡ. ಗುಂಡು ತೋಟಾದೊಳಗೆ ಕುಸಿದಿತ್ತು. ಹಾಗೆ ಕುಸಿದರೆ ಹೊಡೆದಾಗ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಅಂದಿನಿಂದ ಒಂದು ತೋಟಾ ಎರಡು ಸಲಕ್ಕಿಂತ ಹೆಚ್ಚು ಚೇಂಬರಿಗೆ ಹೋಗುವಂತಿಲ್ಲ. ಪ್ರತಿ ಸಲಕ್ಕೂ ಅದರ ಬುಡದ ಅಂಚಿಗೆ ಹೆಂಡತಿಯ ಉಗುರುಬಣ್ಣದ ಒಂದು ಚುಕ್ಕೆ. ಎರಡು ಚುಕ್ಕೆ ಬಿದ್ದದ್ದು ಅಭ್ಯಾಸದ ಡಬ್ಬಿಗೆ ಹೋಗುತ್ತದೆ, ಅದೂ ಅಳತೆ ಸರಿಯಿದ್ದರೆ ಮಾತ್ರ.

ಆಮೇಲೆ ಗೌಡರ ಮಾತು ಕೇಳಿ 124 ಗ್ರೇನ್ ಪ್ಲಸ್ ಪಿ ತಂದೆ. ಇನ್ನೂರು ಗುಂಡು ಹೊಡೆಯದೆ ನಂಬಬಾರದು ಎಂದು ಎಲ್ಲರೂ ಹೇಳುತ್ತಾರೆ, ಹೊಡೆಯುವವರು ಕಡಿಮೆ. ನಾನು ಹೊಡೆದೆ. ಇನ್ನೂರರಲ್ಲಿ ಒಂಬತ್ತು ಸಲ ಸಿಕ್ಕಿಕೊಂಡಿತು. ಹೆಚ್ಚಿನವು ಮ್ಯಾಗಜಿನ್ ತುಂಬಿದ್ದಾಗ, ಗುಂಡಿನ ಮೂತಿ ಕೆಳಗೆ ಬಾಗಿ, ತೋಟಾವನ್ನು ನಳಿಗೆಯೊಳಕ್ಕೆ ಜಾರಿಸುವ ಇಳಿಜಾರಿಗೆ ಗುದ್ದಿದ್ದವು. ಇಳಿಜಾರು ಒರಟಾಗಿದೆ ಎಂದುಕೊಂಡೆ. ಇಲ್ಲಿ ನನ್ನ ಮೂರ್ಖತನವನ್ನು ಮುಚ್ಚಿಡುವುದಿಲ್ಲ. ಗ್ಯಾರೇಜಿನಲ್ಲಿ ಸಣ್ಣ ಗ್ರೈಂಡರ್ ಹಿಡಿದು ಕನ್ನಡಿಯಂತೆ ಹೊಳಪು ಕೊಡಲು ಹೋಗಿ ಇಳಿಜಾರಿನ ಕೋನವನ್ನೇ ಕೆಡಿಸಿದೆ. ಇನ್ನೂರಕ್ಕೆ ಒಂಬತ್ತಿದ್ದದ್ದು ಐವತ್ತಕ್ಕೆ ಏಳಾಯಿತು. ಹೊಸ ನಳಿಗೆಗೆ ನೂರೈವತ್ತು ಡಾಲರು ತೆತ್ತೆ.

ನಿಜವಾದ ಕಾರಣ ಸ್ಲೈಡಿನ ವೇಗದಲ್ಲಿತ್ತು. ಸ್ಲೈಡು ಎಂದರೆ ಪ್ರತಿ ಈಡಿಗೂ ಹಿಂದೆ ಸರಿದು, ಮರಳಿ ಬರುವಾಗ ಹೊಸ ತೋಟಾವನ್ನು ಒಳಗೆ ತಳ್ಳುವ ಮೇಲಿನ ಭಾಗ. ಚಿಕ್ಕ ಪಿಸ್ತೂಲು, ಹಗುರ ಸ್ಲೈಡು, ಮೇಲೆ ಪ್ಲಸ್ ಪಿ ಒದೆತ. ಮ್ಯಾಗಜಿನ್ ಸ್ಪ್ರಿಂಗು ಮುಂದಿನ ಗುಂಡನ್ನು ಮೇಲೆತ್ತಿ ನಿಲ್ಲಿಸುವ ಮೊದಲೇ ಸ್ಲೈಡು ಮರಳಿ ಬಂದುಬಿಡುತ್ತಿತ್ತು. ತಲಾ ಹತ್ತು ಡಾಲರಿನ ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಇನ್ನೂರಕ್ಕೆ ಮೂರಕ್ಕೆ ಇಳಿಯಿತು. ಮೂರು ನನಗೆ ಒಪ್ಪಿಗೆಯಾಗಲಿಲ್ಲ.

ನನ್ನ ಅಜ್ಜನಿಗೆ ಸಿದ್ದಾಪುರದ ಕಡೆ ಅಡಿಕೆ ತೋಟ, ಮಂಗ ಮತ್ತು ಹಂದಿ ಓಡಿಸಲು ಒಂದು ಕೇಪಿನ ಕೋವಿ. ತೋಟವಿತ್ತು, ತೋಟಾ ಕೋವಿ ಇರಲಿಲ್ಲ ಎಂದು ಅವರೇ ನಗುತ್ತಿದ್ದರು. ಮಳೆಗಾಲದಲ್ಲಿ ಕೇಪು ಥಂಡಿ ಹಿಡಿದು ಟುಸ್ಸೆನ್ನುತ್ತದೆ ಎಂದು ಕೇಪಿನ ಡಬ್ಬಿಯನ್ನು ಅಕ್ಕಿಯಲ್ಲಿ ಹೂತಿಡುತ್ತಿದ್ದರು. ಈಡು ಎಷ್ಟು ದೂರ ಹೋಗುತ್ತದೆ ಎಂದು ಅವರು ಯಾರನ್ನೂ ಕೇಳಿದ್ದು ನಾನು ನೋಡಿಲ್ಲ, ಹಾರುತ್ತದೆಯೇ ಎಂದಷ್ಟೇ ಕೇಳುತ್ತಿದ್ದರು.

ಆದರೂ ನಾನು ಜೆಲ್ ಪರೀಕ್ಷೆಗೆ ಇಳಿದೆ. ಮೈಯ ಮಾಂಸದ ಬದಲು ಜೆಲಟಿನ್ ಗಟ್ಟಿಗೆ ಹೊಡೆದು, ಗುಂಡು ಎಷ್ಟು ಆಳ ಹೋಗುತ್ತದೆ, ಎಷ್ಟು ಅರಳುತ್ತದೆ ಎಂದು ನೋಡುವ ಪರೀಕ್ಷೆ ಅದು. ಕುತೂಹಲ, ಸ್ವಲ್ಪ ಜಿದ್ದು. ಗ್ಯಾರೇಜಿನಲ್ಲಿ ಜೆಲಟಿನ್ ಕಾಯಿಸಿದ ಹವ್ಯಕ ಟೆಕ್ಸಾಸಿನಲ್ಲಿ ನಾನೊಬ್ಬನೇ ಇರಬೇಕು. ಅದು ಹಂದಿಯ ಚರ್ಮದ್ದು ಎಂದು ತಿಳಿದ ಕೂಡಲೇ ಹೆಂಡತಿ, "ಆ ಪಾತ್ರೆ ಮತ್ತೆ ಒಳಗೆ ಬರಕೂಡದು" ಎಂದಳು. ಅದಕ್ಕೆ ಬೇರೆಯೇ ಪಾತ್ರೆ, ಬೇರೆಯೇ ಒಲೆ, ಇನ್ನೊಂದು ಎಂಬತ್ತು ಡಾಲರು. ನೊರೆ ಇಳಿಯಲು, ಬೂಷ್ಟು ಹಿಡಿಯದಿರಲು ನಾಲ್ಕು ಹನಿ ದಾಲ್ಚಿನ್ನಿ ಎಣ್ಣೆ ಹಾಕುತ್ತಾರೆ. ಗ್ಯಾರೇಜು ಪಲಾವಿನಂತೆ ಘಮಘಮಿಸುತ್ತಿತ್ತು. ಪಕ್ಕದ ಮನೆಯವರು ಏನು ಅಡುಗೆ ಎಂದು ಕೇಳಿಕೊಂಡು ಬಂದರು.

ಮೊದಲ ಗಟ್ಟಿಗೆ ನೀರು ಹೆಚ್ಚು ಕಾದಿತ್ತು. ಗಟ್ಟಿ ಹದವಾಗಿದೆಯೇ ಎಂದು ನೋಡಲು ಹೊಡೆಯುವ ಬಿಬಿ (ಗಾಳಿಕೋವಿಯ ಸಣ್ಣ ಉಕ್ಕಿನ ಗೋಲಿ) ಸೆಕೆಂಡಿಗೆ 590 ಅಡಿ ವೇಗದಲ್ಲಿ ಹೊಕ್ಕು ಎಂಟೂವರೆ ಸೆಂಟಿಮೀಟರ್ ಆಸುಪಾಸಿನಲ್ಲಿ ನಿಲ್ಲಬೇಕು, ನನ್ನದರಲ್ಲಿ ಹನ್ನೆರಡು ದಾಟಿತು. ಚೆಲ್ಲಿದೆ. ಎರಡನೆಯದನ್ನು ಎರಕ ಹೊಯ್ದದ್ದು 2021ರ ಫೆಬ್ರುವರಿಯಲ್ಲಿ. ಆ ವಾರ ಟೆಕ್ಸಾಸ್ ಹೆಪ್ಪುಗಟ್ಟಿ ವಿದ್ಯುತ್ ಹೋದದ್ದು ನಿಮಗೆ ನೆನಪಿರಬಹುದು. ನಾಲ್ಕು ಡಿಗ್ರಿಯಲ್ಲಿ ಇರಬೇಕಾದ ಗಟ್ಟಿ ಗ್ಯಾರೇಜಿನಲ್ಲೇ ಮಂಜುಗಡ್ಡೆಯಾಗಿ ಒಳಗೆಲ್ಲ ಬಿರುಕು ಬಿಟ್ಟಿತು. ಅದೂ ಹೋಯಿತು. ಆ ಹೊತ್ತಿಗೆ ಗುಂಡಿನ ಬೆಲೆಯೂ ಆಕಾಶಕ್ಕೇರಿತ್ತು. 2019ರಲ್ಲಿ ಹತ್ತು ಡಾಲರಿಗೆ ಸಿಗುತ್ತಿದ್ದ ಐವತ್ತರ ಅಭ್ಯಾಸದ ಡಬ್ಬಿಗೆ ಮೂವತ್ತೈದು, ನಲವತ್ತು. ಹಾಲೋ ಪಾಯಿಂಟ್, ಅಂದರೆ ಮೂತಿಯಲ್ಲಿ ಕುಳಿಯಿದ್ದು ಮೈ ಹೊಕ್ಕಾಗ ಅರಳುವ ಗುಂಡು, ಸಿಕ್ಕವನೇ ಪುಣ್ಯವಂತ. ನನ್ನ ಪುಣ್ಯಕ್ಕೆ, ಪೊಲೀಸರಿಗೆಂದು ಬರುವ ಐವತ್ತರ ಡಬ್ಬಿಗಳು ಸಿಗುವ ಒಂದು ಜಾಗ ಗೊತ್ತಿತ್ತು. ಇಪ್ಪತ್ತರ ಚಂದದ ಡಬ್ಬಿಯಲ್ಲಿರುವ ಗುಂಡೇ ಅದರಲ್ಲೂ ಇರುತ್ತದೆ, ಒಂದೊಂದರ ಬೆಲೆ ಮಾತ್ರ ಕಡಿಮೆ. ಆ ಜಾಗ ಯಾವುದೆಂದು ಗೌಡರಿಗೂ ಹೇಳಿಲ್ಲ.

ಮೂರನೆಯ ಗಟ್ಟಿ ಸರಿಬಂತು. ಗೆಳೆಯರೊಬ್ಬರ ಜಮೀನಿಗೆ ಐಸ್ ಪೆಟ್ಟಿಗೆಯಲ್ಲಿ ಹೊತ್ತೊಯ್ದು, ಮುಂದೆ ಜೀನ್ಸ್ ಬಟ್ಟೆಯ ನಾಲ್ಕು ಪದರ ಕಟ್ಟಿ ಹೊಡೆದೆ. ನಾನು ಆರು ತಿಂಗಳು ನಂಬಿದ್ದ 115 ಗ್ರೇನಿನ ಐದು ಗುಂಡುಗಳಲ್ಲಿ ಮೂರು ಹತ್ತು ಹನ್ನೊಂದು ಇಂಚಿಗೆ ನಿಂತವು. ಉಳಿದೆರಡರ ಬಾಯಿಗೆ ಬಟ್ಟೆ ತುಂಬಿಕೊಂಡು ಅರಳದೆ ಇಪ್ಪತ್ತು ಇಂಚು ದಾಟಿದವು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐ ಕಲಿತ ಪಾಠವೂ ಹೆಚ್ಚುಕಡಿಮೆ ಇಂಥದ್ದೇ. ಅಲ್ಲಿ ಒಂದು 115 ಗ್ರೇನ್ ಗುಂಡು ದರೋಡೆಕೋರನೊಬ್ಬನ ತೋಳು ದಾಟಿ ಎದೆಗೂಡು ಹೊಕ್ಕು ಹೃದಯದ ಸಮೀಪದಲ್ಲೇ ನಿಂತುಬಿಟ್ಟಿತ್ತು. ಗುಂಡು ಜೆಲ್‌ನಲ್ಲಿ ಹನ್ನೆರಡರಿಂದ ಹದಿನೆಂಟು ಇಂಚು ಹೋಗಬೇಕು ಎಂಬ ಅಳತೆ ಬಂದದ್ದು ಆಮೇಲಿನ ಪರೀಕ್ಷೆಗಳಿಂದ.

ಇನ್ನು ಎತ್ತಿನಗಾಡಿ. ಫೆಡರಲ್ ಕಂಪನಿಯವರ ಎಚ್‌ಎಸ್‌ಟಿ ಎಂಬ ಹಾಲೋ ಪಾಯಿಂಟ್, 147 ಗ್ರೇನ್, ಪ್ಲಸ್ ಪಿ ಅಲ್ಲದ ಸಾದಾ. ನನ್ನ ಮೋಟು ನಳಿಗೆಯಲ್ಲಿ ಕ್ರೋನೋಗ್ರಾಫ್ ತೋರಿಸಿದ್ದು ಸೆಕೆಂಡಿಗೆ 930 ಅಡಿ ಆಸುಪಾಸು. ಗೌಡರು ಹೇಳಿದ್ದು ನಿಜ, ನಿಧಾನವೇ. ಆದರೆ ಐದಕ್ಕೆ ಐದೂ ಅರಳಿದವು, ಹದಿನಾಲ್ಕು ಹದಿನೈದು ಇಂಚಿನಲ್ಲಿ ನಿಂತವು. ಅರಳಿದ್ದನ್ನು ಅಳೆದರೆ ಸುಮಾರು ಹದಿನೈದು ಮಿಲಿಮೀಟರು. ವೇಗ ಕಡಿಮೆಯಾದರೂ ಅರಳುವಂತೆ ಮಾಡಿದ ಗುಂಡು ಅದು. ಮೋಟು ನಳಿಗೆ ಎಂದರೆ ಹಗುರದ್ದು ಎಂಬ ಮಾತು ಹಳೆಯ ಕಾಲದ ಗುಂಡುಗಳಿಗೆ ಸರಿಯಿತ್ತು.

ನನಗೆ ಅದಕ್ಕಿಂತ ಮುಖ್ಯವಾದದ್ದು ಮೆತ್ತನೆಯ ಒದೆತ. ಸ್ಲೈಡಿಗೆ ಅವಸರವಿಲ್ಲ, ಸ್ಪ್ರಿಂಗಿಗೆ ಸಮಯ ಸಿಗುತ್ತದೆ. ಎಂಟು ತಿಂಗಳಲ್ಲಿ ಮುನ್ನೂರ ನಲವತ್ತು ಗುಂಡು ಹೊಡೆದೆ. ಗುಂಡಿಗೆ ಒಂದು ಡಾಲರಿಗಿಂತ ಹೆಚ್ಚು ಬಿದ್ದ ಕಾಲ ಅದು. ಕಾಗದಕ್ಕೆ ಹೊಡೆಯಲು ಚಿನ್ನದ ಗುಂಡೇ ಎಂದು ಬಳಗದವರು ಆಡಿಕೊಂಡರು. ಶುಚಿ ಮಾಡಿದ ಪಿಸ್ತೂಲಿನಲ್ಲಿ, ಮೂರು ವಾರ ಶುಚಿ ಮಾಡದ ಪಿಸ್ತೂಲಿನಲ್ಲಿ, ಮ್ಯಾಗಜಿನ್ ತುಂಬಿದ್ದಾಗ, ಒಂದೇ ಉಳಿದಾಗ. ಐವತ್ತನ್ನು ಎಡಗೈ ಒಂದರಲ್ಲೇ, ಬೇಕೆಂದೇ ಮಣಿಕಟ್ಟು ಸಡಿಲಬಿಟ್ಟು ಹೊಡೆದೆ. ಏಕೆಂದರೆ ರಾತ್ರಿ ಹತ್ತಕ್ಕೆ ನನ್ನ ಬಲಗೈಯಲ್ಲಿ ಇರುವುದು ಹಣದ ಚೀಲ. ಒಟ್ಟು ಸಿಕ್ಕಿಕೊಂಡದ್ದು ಒಂದೇ ಸಲ, ಎಡಗೈಯಲ್ಲಿ, ಮೂರನೆಯ ನಂಬರಿನ ಮ್ಯಾಗಜಿನ್ನಿನಲ್ಲಿ. ಆ ಮ್ಯಾಗಜಿನ್ನಿಗೆ ಈಗ ನಿವೃತ್ತಿ. ಉಳಿದ ಎರಡು ಮ್ಯಾಗಜಿನ್ನುಗಳಿಗೆ ಸ್ಪ್ರಿಂಗ್ ಬದಲಿಸಿದ್ದಲ್ಲದೆ ಇನ್ನೂ ಒಂದು ಕೆಲಸ ಮಾಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ನಡುವೆ ಬೇಡದ ಪ್ರಯೋಗಗಳೂ ಆದವು. ಉಪ್ಪಿನಕಾಯಿ ಬಾಟಲಿಯಲ್ಲಿ ನೀರು ತುಂಬಿ ಐದು ತೋಟಾ ಒಂದು ವಾರ ಮುಳುಗಿಸಿಟ್ಟೆ, ಐದೂ ಹಾರಿದವು. ಒಂದು ಪ್ಯಾಂಟಿನ ಜೇಬಿನಲ್ಲೇ ಉಳಿದು ಬಟ್ಟೆ ಒಗೆಯುವ ಯಂತ್ರದಲ್ಲಿ ತಿರುಗಿ ಬಂತು. ಹೆಂಡತಿಯಿಂದ ಸಿಕ್ಕ ಮಂಗಳಾರತಿ ಬೇರೆ, ತೋಟಾ ಮಾತ್ರ ಹಾರಿತು. ತುಕ್ಕು ಬಿಡಿಸುವ ತೆಳು ಎಣ್ಣೆ ಹೊಡೆದಿಟ್ಟ ಐದರಲ್ಲಿ ಒಂದು ಟುಸ್ಸಾಯಿತು. ಅಂದಿನಿಂದ ಮ್ಯಾಗಜಿನ್ನಿನ ಹತ್ತಿರ ಎಣ್ಣೆ ಸುಳಿಯಲು ಬಿಟ್ಟಿಲ್ಲ. ಹುಳ ಹಿಡಿದ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲಕ್ಕೂ ಒಂದು ಹೊಡೆದೆ. ಗುಂಡಿನ ಬಾಯಿಗೆ ಅಕ್ಕಿ ಗಿಡಿದುಕೊಂಡು ಅರಳಲೇ ಇಲ್ಲ, ಆದರೆ ಚೀಲದಾಚೆಗೂ ಹೋಗಲಿಲ್ಲ. ಇದರಿಂದ ಏನು ತಿಳಿಯಿತು ಎಂದು ಕೇಳಬೇಡಿ.

ಹೆಂಡತಿಯ .380 ಪಿಸ್ತೂಲಿನ ಕಥೆ ಬೇರೆ, ಅದರ ತೋಟಾ 9 ಎಂಎಂಗಿಂತ ದುರ್ಬಲ. ಅದರಲ್ಲಿ ಚೆನ್ನಾಗಿ ಅರಳಿದ್ದು ಎಂಟೊಂಬತ್ತು ಇಂಚಿಗೇ ನಿಲ್ಲುತ್ತದೆ, ಆಳಕ್ಕೆ ಹೋದದ್ದು ಅರಳುವುದಿಲ್ಲ. ಕೊನೆಗೆ ಅರಳುವ ಆಸೆ ಬಿಟ್ಟು ಚಪ್ಪಟೆ ಮೂತಿಯ ಗುಂಡು ಹಾಕಿಕೊಟ್ಟೆ. ಅವಳ ಕೈಯಲ್ಲಿ ನೂರಕ್ಕೆ ನೂರೂ ಹಾರಿದವು.

ಒಟ್ಟು ಖರ್ಚು ನನ್ನ ಬಾಯಿಲೆಕ್ಕದಲ್ಲಿ ಹದಿನೆಂಟು ನೂರು ಡಾಲರು. ಅಂಗಡಿಯ ಲೆಕ್ಕ ಬರೆಯುವವಳು ಹೆಂಡತಿ, ಅವಳ ಪುಸ್ತಕದಲ್ಲಿ ಹೆಚ್ಚೇ ಇದೆ.

ಗೌಡರು ಕಳೆದ ತಿಂಗಳು ಅದೇ 147 ತಂದು ತಮ್ಮ ಪಿಸ್ತೂಲಿನಲ್ಲಿ ಹೊಡೆದರು. ಐವತ್ತರಲ್ಲಿ ಎರಡು ಸಿಕ್ಕಿಕೊಂಡವು. "ಇದೇನು ಭಟ್ಟರೇ?" ಎಂದು ಫೋನ್ ಮಾಡಿದರು. ಅವರದು ಬೇರೆ ಪಿಸ್ತೂಲು, ನಾಲ್ಕು ಇಂಚಿನ ನಳಿಗೆ, ಭಾರದ ಸ್ಲೈಡು. ಅದಕ್ಕೆ ಅವರ ಪ್ಲಸ್ ಪಿ ಸರಿಯೇ ಇರಬಹುದು ಎಂದೆ. ಇದನ್ನು ಎರಡು ವರ್ಷ ಮೊದಲೇ ಹೇಳಬಾರದಿತ್ತೇ ಎಂದು ರೇಗಿದರು.

ನಾನು ಈಗ ಆಯುಧಪೂಜೆಯ ಲೆಕ್ಕ ಇಟ್ಟುಕೊಂಡಿದ್ದೇನೆ. ಪೂಜೆಯ ಹಿಂದಿನ ದಿನ ಪಿಸ್ತೂಲು ಖಾಲಿ ಮಾಡಿ, ಒರೆಸಿ, ಅಂಗಡಿಯ ತಕ್ಕಡಿಯ ಪಕ್ಕದಲ್ಲಿಟ್ಟು ಕುಂಕುಮ ಹಚ್ಚುತ್ತೇನೆ. ವರ್ಷವಿಡೀ ಹೊತ್ತ ತೋಟಾಗಳನ್ನು ಮುಂದಿನ ಶನಿವಾರ ಹೊಡೆದು ಮುಗಿಸುತ್ತೇನೆ, ಒಂದನ್ನು ಮಾತ್ರ ಅಳೆದು ಪುಸ್ತಕದಲ್ಲಿ ಬರೆದಿಡುತ್ತೇನೆ. ಈ ಸಲ ಬಂದದ್ದು ಹೊಸ ಲಾಟ್. ಐವತ್ತು ಹೊಡೆದಾಗಿದೆ, ಇನ್ನೂ ಒಂದೂ ಸಿಕ್ಕಿಕೊಂಡಿಲ್ಲ. ಎಡಗೈಯ ಪಾಳಿ ಬರುವ ಶನಿವಾರ.