ಯೀಸ್ಟ್ ಕಿಣ್ವದ ವೇಗ ಅಳೆಯೋಣ ಬನ್ನಿ

ಯೀಸ್ಟ್‌ನಲ್ಲಿರುವ ಕೆಟಲೇಸ್ ಕಿಣ್ವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ನೀರು, ಆಮ್ಲಜನಕ ಮಾಡುತ್ತದೆ. ಪೆರಾಕ್ಸೈಡ್ ಜಾಸ್ತಿಯಾದರೆ ಕೆಲಸವೂ ಜೋರಾಗುತ್ತದಾ? ನೋಡೋಣ.

ಮೆಡಿಕಲ್ ಶಾಪ್‌ನಿಂದ ಶೇ. 3ರ ಪೆರಾಕ್ಸೈಡ್ ತನ್ನಿ. ಶೇ. 6ರದ್ದು ಸಿಕ್ಕರೆ ಅಷ್ಟೇ ನೀರು ಬೆರೆಸಿ. ಇಲ್ಲಿ ಕೋಲಾರದ ಬೋರ್‌ವೆಲ್ ನೀರು ಬೇಡ, ಬಕೆಟ್ ಅಂಚಿಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು ಅದು, ಡಿಸ್ಟಿಲ್ಡ್ ವಾಟರೇ ಬಳಸಿ.

100 ಮಿಲಿ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಒಣ ಯೀಸ್ಟ್ ಹಾಕಿ ಕದಡಿ. ನೀರು ಕುದಿಬಿಸಿ ಇದ್ದರೆ ಕಿಣ್ವ ಕೆಟ್ಟುಹೋಗುತ್ತದೆ.

ಆರು ಅಳತೆ ಜಾಡಿಗಳಿಗೆ 0, 2, 4, 6, 8, 10 ಮಿಲಿ ಪೆರಾಕ್ಸೈಡ್ ಹಾಕಿ, ನೀರು ಸೇರಿಸಿ ಎಲ್ಲವನ್ನೂ 10 ಮಿಲಿ ಮಾಡಿ. ಆಮ್ಲಜನಕ ನೊರೆಯಾಗಿ ನಿಲ್ಲಲಿ ಅಂತ ಒಂದೊಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಕನ್ನಡಕ ಹಾಕಿಕೊಳ್ಳಿ, ಜಾಡಿಗೆ ಮುಚ್ಚಳ ಬೇಡವೇ ಬೇಡ.

ಈಗ ಒಂದೊಂದಕ್ಕೇ 2 ಮಿಲಿ ಯೀಸ್ಟ್. ಅದು ತಳಕ್ಕೆ ಕೂರುತ್ತದೆ, ಪ್ರತಿ ಸಲ ಕದಡಿಯೇ ತೆಗೆಯಿರಿ. ಮೊದಲ 30 ಸೆಕೆಂಡಿನಲ್ಲಿ ನೊರೆ ಎಷ್ಟು ಏರಿತು ಅಂತ ಬರೆದುಕೊಳ್ಳಿ. ತುಂಬಾ ಜನ ನೊರೆ ಪೂರ್ತಿ ನಿಲ್ಲುವವರೆಗೆ ಕಾದು ಅಳೆಯುತ್ತಾರೆ, ಅದು ಸುಮ್ನೆ ಪೆರಾಕ್ಸೈಡ್ ಎಷ್ಟಿತ್ತು ಅಂತ ಹೇಳುತ್ತದೆ ಅಷ್ಟೇ, ವೇಗ ಅಲ್ಲ, ಅಲ್ವಾ? ಮೂರು ಸಲ ಮಾಡಿ ಸರಾಸರಿಯ ಗ್ರಾಫ್ ಎಳೆಯಿರಿ. ಗೆರೆ ಏರುತ್ತಾ ಹೋಗಿ ಮಟ್ಟಸವಾದರೆ, ಕಿಣ್ವಗಳೆಲ್ಲ ಕೈತುಂಬಾ ಕೆಲಸದಲ್ಲಿವೆ ಅಂತ. ಏರುತ್ತಲೇ ಇದ್ದರೆ 30 ಸೆಕೆಂಡಿನೊಳಗೇ ಪೆರಾಕ್ಸೈಡ್ ಮುಗಿದುಹೋಗಿರಬಹುದು, ಯೀಸ್ಟ್ ಅರ್ಧಕ್ಕಿಳಿಸಿ ಮತ್ತೆ ಮಾಡಿ.